ನೀರು ನಿಲ್ಲದ ಕಲ್ಲು

ಮನೆಯೊಳಗೆ ಬೀಸುಕಲ್ಲು ತಿರುಗುತ್ತಿರುವಷ್ಟು ಹೊತ್ತೂ ಹೊರಗೆ ಉಳಿ ಬಡಿಯುತ್ತಿರಬೇಕು. ಇದು ಕಲ್ಲುಕುಟಿಗನ ಅಮ್ಮ ಮಾಡಿದ ಕಟ್ಟಳೆ. ಅವನು ಮನೆಯ ಮುಂದಿನ ಚಪ್ಪರದಡಿ ಕೂತು, ಏನಾದರೊಂದು ಕಲ್ಲನ್ನು ಮುಂದಿಟ್ಟುಕೊಂಡು ಟಣ್ ಟಣ್ ಎಂದು ಬಡಿಯುತ್ತಿದ್ದ. ಆ ಸದ್ದಿನ ಮರೆಯಲ್ಲಿ ಒಳಗಿನ ಗರಗರ ಸದ್ದು ನಡೆದುಹೋಗುತ್ತಿತ್ತು. ಕೆಲಸವಿಲ್ಲದ ದಿನವೂ ಬಡಿಯಬೇಕಾಗಿ ಬಂದು, ಕುಂಬಳಕಾಯಿಯಷ್ಟಿದ್ದ ಒಂದು ಗುಂಡುಕಲ್ಲು ನಿಂಬೆಹಣ್ಣಿನಷ್ಟಾಗಿತ್ತು. "ಏನು ಮಾಡ್ತಿದ್ದೀಯಪ್ಪಾ ಅದನ್ನ?" ಎಂದು ದಾರಿಹೋಕರು ಕೇಳಿದರೆ, "ಅದೇ ನನಗೂ ಇನ್ನೂ ಗೊತ್ತಾಗಿಲ್ಲ" ಎನ್ನುತ್ತಿದ್ದ.

ಬೀಸಲು ಬರುವ ಹೆಂಗಸರು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಅವರ ಮುಖ ನೋಡಬಾರದು ಎನ್ನುವುದು ಅಮ್ಮನ ಇನ್ನೊಂದು ಕಟ್ಟಳೆ. "ಹೆಸರು ತಿಳಿದವನಿಗೆ ನಾಲಿಗೆ ತುರಿಸುತ್ತೆ. ನೀನು ತಲೆ ಬಗ್ಗಿಸಿ ಕಲ್ಲು ನೋಡು" ಎಂದಿದ್ದಳು. ತಲೆ ಬಗ್ಗಿಸಿದವನಿಗೆ ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಹಿಮ್ಮಡಿ ಸವೆದದ್ದು, ಹಗ್ಗ ಕಟ್ಟಿದ್ದು, ಗಂಡಸರ ಚಪ್ಪಲಿಯನ್ನೇ ಹಾಕಿಕೊಂಡು ಬಂದದ್ದು. ಒಂದು ಜೊತೆಯ ಪಟ್ಟಿಗೆ ಕೆಂಪು ತೊಗಲಿನ ತೇಪೆ ಹಾಕಿತ್ತು. ಆ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದರ ಒಡತಿ ಯಾರೋ ಕೈಗೆಲಸ ಬಲ್ಲವಳೇ ಇರಬೇಕೆಂದು ಅವನಿಗೆ ಅನಿಸಿತ್ತು.

ಇಷ್ಟೆಲ್ಲ ಕದ್ದುಮುಚ್ಚಿ ಮಾಡುವುದಕ್ಕೆ ಬೀಸುವುದೇನು ಕೊಲೆಯೇ ಎಂದರೆ, ಆ ಊರಿನಲ್ಲಿ ಅದಕ್ಕಿಂತ ಹೆಚ್ಚು. ಊರಿನ ಹೊಲ ದೊಡ್ಡಮನೆಯದು, ಹೊಲದ ನಡುವಿನ ದಾರಿ ದೊಡ್ಡಮನೆಯದು, ತಪ್ಪು ಮಾಡಿದವನಿಗೆ ನ್ಯಾಯ ಹೇಳುವ ಬಾಯಿಯೂ ದೊಡ್ಡಮನೆಯದು. ಹೊಳೆಯ ದಂಡೆಯಲ್ಲಿ ಅವರು ನೀರಿನಿಂದ ತಿರುಗುವ ಗಿರಣಿ ಕಟ್ಟಿಸಿದ ಮೇಲೆ, ಯಾರೂ ಮನೆಯಲ್ಲಿ ಬೀಸಕೂಡದು ಎಂದು ಅಪ್ಪಣೆಯಾಯಿತು. ಗಿರಣಿಗೆ ಹಾಕಿದ ಕಾಳಿನಲ್ಲಿ ಆರರಲ್ಲಿ ಒಂದು ಪಾಲು ದೊಡ್ಡಮನೆಗೆ. ಅಳತೆ ಅವರದೇ, ಆದ್ದರಿಂದ ಅದು ಐದರಲ್ಲಿ ಒಂದಾಗುವುದೂ ಉಂಟು. ಗೊಣಗುವವರು ಮನೆಯೊಳಗೆ ಗೊಣಗಿಕೊಂಡರು, ಅದಕ್ಕೆ ಮಾತ್ರ ದೊಡ್ಡಮನೆ ಪಾಲು ಕೇಳಲಿಲ್ಲ.

ಆ ವರ್ಷವೇ ಮನೆಮನೆಯ ಬೀಸುಕಲ್ಲುಗಳನ್ನು ಗಾಡಿಗೆ ಹೇರಿಕೊಂಡು ಹೋಗಿ ದೊಡ್ಡಮನೆಯ ಅಂಗಳಕ್ಕೆ ಹಾಸಿಸಿದರು. ಹಾಸಿದವನು ಬೇರೆ ಯಾರು, ಇದೇ ಕುಟಿಗ. ಕೆಳಗಿನ ಕಲ್ಲಿನ ಪಕ್ಕದಲ್ಲಿ ಅದರ ಮೇಲಿನ ಕಲ್ಲು, ಕಾಳು ಅರೆಯುತ್ತಿದ್ದ ಮುಖ ಆಕಾಶಕ್ಕೆ. ದೊಡ್ಡಮನೆಯ ಧಣಿಗಳ ಮುಂದೆ ಬೇಡಿಕೊಳ್ಳಲು ಬಂದವನು ತನ್ನ ತಾಯಿ ಕೂತು ಬೀಸಿದ ಕಲ್ಲನ್ನು ತುಳಿದೇ ಬರಬೇಕು. ಹಾಸುವಾಗ ಅವನಿಗೆ ಅಳು ಬಂದಿತ್ತು. ಅತ್ತುಕೊಂಡೇ ಮಟ್ಟಸವಾಗಿ ಹಾಸಿದ, ಯಾಕೆಂದರೆ ಕೆಲಸ ಕೆಡಿಸುವುದು ಅವನ ಕೈಗೆ ಬರುತ್ತಿರಲಿಲ್ಲ.

ಅಮ್ಮ ಮಾತ್ರ ತನ್ನ ಕಲ್ಲು ಕೊಡಲಿಲ್ಲ. ಅದು ತವರಿನಿಂದ ಬಂದದ್ದು. ಅವಳ ಅಮ್ಮ, ಅವಳ ಅಜ್ಜಿ ಹಿಡಿದು ಹಿಡಿದು ಗೂಟ ನುಣುಪಾಗಿತ್ತು. "ಬೇಕಾದ್ರೆ ನನ್ನನ್ನೇ ಅಂಗಳಕ್ಕೆ ಹಾಸ್ಲಿ" ಎಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಮಗ ಬೇರೆ ದಾರಿ ಕಾಣದೆ ಬಂಡೆಯ ಹತ್ತಿರ ಹೋಗಿ ಹೊಸದೊಂದು ಜೊತೆ ಕುಟ್ಟಿದ. ಮಸಿ ಬಳಿದ, ಎಣ್ಣೆ ಸವರಿದ, ಹಳೆಯ ಹಿಟ್ಟು ಮೆತ್ತಿದ. ಗಾಡಿಯವರು ನೋಡಿ ಹೇರಿಕೊಂಡು ಹೋದರು. ಅವನು ಅದನ್ನು ಅಂಗಳದ ದೂರದ ಮೂಲೆಯಲ್ಲಿ, ಗಾಡಿ ನಿಲ್ಲಿಸುವ ಹುಲ್ಲು ಹೊದಿಸಿದ ಮಾಡಿನ ಕೆಳಗೆ ಹಾಸಿದ. ಅಸಲಿ ಕಲ್ಲು ಅಮ್ಮನ ಅಡುಗೆಮನೆಯಲ್ಲಿ, ನೀರಿನ ಗುಡಾಣದ ಕೆಳಗೆ ಅಡಗಿ ಕೂತಿತು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಂಬಾರರ ಮನೆಯಲ್ಲಿ ಬೀಸುಕಲ್ಲಿನ ಒಂದು ತುಂಡು ಸಿಕ್ಕಿದಾಗ ದೊಡ್ಡಮನೆಯ ಆಳುಗಳು ಬಂದು ಬಾಗಿಲನ್ನು ಚೌಕಟ್ಟಿನಿಂದ ಕಿತ್ತು ಒಯ್ದಿದ್ದರು. ಬಾಗಿಲು ಕಿತ್ತ ಮನೆಯಲ್ಲಿ ಯಾರೂ ಇರಕೂಡದು, ಆ ಮನೆಯವರಿಗೆ ಯಾರೂ ನೀರು ಕೂಡ ಕೊಡಕೂಡದು. ಕುಂಬಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೇತುವೆ ದಾಟಿ ಹೋದ. ಎಲ್ಲಿಗೆ ಹೋದನೆಂದು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಹೀಗೆ ವರ್ಷಗಳು ಕಳೆದವು. ಈ ಸಲದ ಮಳೆಗೆ ಮುಂಚೆ ದೊಡ್ಡಮನೆಯವರು ಗಾಡಿಯ ಮಾಡನ್ನು ಹಳೆಯದಾಯಿತೆಂದು ಕೀಳಿಸಿದರು. ಕುಟಿಗನಿಗೆ ಅದು ಗೊತ್ತಿತ್ತು. ಅದರಿಂದ ತನಗೆ ಏನಾಗಬಹುದೆಂಬುದು ಮಾತ್ರ ಹೊಳೆದಿರಲಿಲ್ಲ.

ಮೊದಲ ದೊಡ್ಡ ಮಳೆ ನಿಂತ ಬೆಳಗ್ಗೆ ಪಾರುಪತ್ಯಗಾರ ಚಪ್ಪರದ ಮುಂದೆ ಬಂದು ನಿಂತ. ದೊಡ್ಡಮನೆಯ ಆಡಳಿತವೆಲ್ಲ ನೋಡಿಕೊಳ್ಳುವವನು ಅವನೇ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವನಾದರೂ ಈಗ ಬೀದಿಯ ನಡುವೆ ನಡೆಯುತ್ತಿದ್ದ, ಉಳಿದವರು ಪಕ್ಕಕ್ಕೆ ಸರಿಯುತ್ತಿದ್ದರು.

"ಧಣಿಗಳು ಕರೀತಿದ್ದಾರೆ. ಬಾ."

"ಏನು ಕೆಲಸ ಅಣ್ಣಾ? ಉಳಿ ತರಬೇಕಾ?"

"ತಾ. ಒಂದು ಕಲ್ಲು ಏಳಿಸೋದಿದೆ."

ಕುಟಿಗ ಉಳಿ ಎತ್ತಿಕೊಂಡು ಎದ್ದ, ಒಳಗೆ ಗರಗರ ನಿಂತಿತು. ಉಳಿಯ ಸದ್ದು ನಿಂತರೆ ಕಲ್ಲಿನ ಸದ್ದೂ ನಿಲ್ಲಬೇಕು, ಅದು ಕಟ್ಟಳೆ. ಆದರೂ ಈ ಸಲ ಕಲ್ಲು ಒಂದು ಸುತ್ತು ಹೆಚ್ಚಾಗಿ ತಿರುಗಿದಂತೆ ಕುಟಿಗನಿಗೆ ಕೇಳಿಸಿತು. ಪಾರುಪತ್ಯಗಾರನ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ.

ಧಣಿಗಳು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಎಂದೂ ಗದರಿದವರಲ್ಲ. ಗದರುವುದಕ್ಕೂ ಅವರಲ್ಲಿ ಆಳುಗಳಿದ್ದರು. ವಯಸ್ಸಾದರೂ ಹಲ್ಲು ಒಂದೂ ಬಿದ್ದಿರಲಿಲ್ಲ, ನಗುವಾಗ ಎಲ್ಲವನ್ನೂ ತೋರಿಸುತ್ತಿದ್ದರು.

"ಬಾರಪ್ಪಾ. ನೋಡು, ಎಷ್ಟು ಚೆನ್ನಾಗಿ ಹಾಸಿದ್ದೀಯ" ಎಂದರು. "ಮಳೆ ನಿಂತ ಮೇಲೆ ಇಲ್ಲಿ ಕೂತು ನೋಡ್ತಾ ಇದ್ದೆ. ಒಂದೊಂದು ಕಲ್ಲಲ್ಲೂ ಒಂದು ಪಕ್ಕಕ್ಕೆ ನೀರು ನಿಂತಿದೆ. ಯಾಕೆ ಹೇಳು?"

ಕುಟಿಗ ನೋಡಿದ. ಅಂಗಳದ ತುಂಬ ನೀರಿನ ಬಾಗಿದ ಗೆರೆಗಳು ಹೊಳೆಯುತ್ತಿದ್ದವು. ಹೆಂಗಸು ಎಂದಿಗೂ ಒಂದೇ ಕಡೆ ಕೂತು ಬೀಸುತ್ತಾಳೆ, ಗೂಟವನ್ನು ತನ್ನ ಕಡೆಗೆ ಎಳೆಯುವಾಗ ಭಾರ ಬೀಳುತ್ತದೆ, ಕೆಳಗಿನ ಕಲ್ಲು ಆ ಪಕ್ಕಕ್ಕೆ ಸವೆಯುತ್ತದೆ. ಯಾವ ಕಲ್ಲನ್ನು ನೋಡಿದರೂ ಅದರ ಮುಂದೆ ಯಾರೋ ಕೂತಿದ್ದ ಜಾಗ ತಿಳಿಯುತ್ತಿತ್ತು.

"ಸವೆದು ತಗ್ಗಾಗಿರುತ್ತೆ ಧಣಿ."

"ಸರಿ. ಹಾಗಾದ್ರೆ ಅದು?"

ಅವರು ಬೆರಳು ತೋರಿದ ಮೂಲೆಯಲ್ಲಿ, ಮಾಡು ಕಿತ್ತ ಜಾಗದಲ್ಲಿ ಒಂದು ಕಲ್ಲು ಒಣಗಿ ಕೂತಿತ್ತು. ಬಿದ್ದ ನೀರೆಲ್ಲ ನಾಲ್ಕೂ ಕಡೆಗೆ ಸಮನಾಗಿ ಹರಿದುಹೋಗಿತ್ತು. ಅಷ್ಟು ಮಟ್ಟಸ. ಕುಟಿಗನಿಗೆ ಮಸಿ ಬಳಿಯಲು ನೆನಪಿತ್ತು, ಹಿಟ್ಟು ಮೆತ್ತಲು ನೆನಪಿತ್ತು. ಸೊಟ್ಟಗೆ ಕುಟ್ಟಬೇಕೆಂಬುದೊಂದು ನೆನಪಾಗಿರಲಿಲ್ಲ. ಕಲ್ಲು ಸೊಟ್ಟಗಾದರೆ ಕುಟ್ಟಿದವನ ಬುದ್ಧಿ ಸೊಟ್ಟ ಎಂದು ಅಪ್ಪ ತಲೆಗೆ ಮೊಟಕಿ ಕಲಿಸಿದ್ದ. ಆ ಮೊಟಕು ಈಗ ಮನೆಗೇ ಬೀಳುವಂತಿತ್ತು.

"ಯಾರ ಮನೇದು ಅದು?"

ಸುಳ್ಳು ಹೇಳಲು ಜಾಗವಿರಲಿಲ್ಲ. ಯಾವ ಕಲ್ಲು ಯಾರದೆಂದು ಬೀದಿಗೆಲ್ಲ ಗೊತ್ತು. ಬೇರೆಯವರ ಹೆಸರು ಹೇಳಿದರೆ ಅವರ ಬಾಗಿಲು ಹೋಗುತ್ತದೆ.

"ನಮ್ಮದೇ ಧಣಿ. ಬಡವರ ಮನೆ. ಕಲ್ಲು ಸವೆಯೋಷ್ಟು ಕಾಳು ನಮ್ಮಲ್ಲೆಲ್ಲಿತ್ತು?"

ಧಣಿಗಳು ಹಲ್ಲು ತೋರಿಸಿ ನಕ್ಕರು. ಪಾರುಪತ್ಯಗಾರನೂ ನಕ್ಕ, ಆದರೆ ಅವನ ನಗು ಸ್ವಲ್ಪ ತಡವಾಗಿ ಬಂತು.

"ಒಳ್ಳೇ ಮಾತು. ಮನೆ ಹುಡುಕಿಸೋದು ನನಗಿಷ್ಟವಿಲ್ಲ, ಅದು ಮರ್ಯಾದೆಯಲ್ಲ. ನಿಮ್ಮಮ್ಮ ಈ ಕಲ್ಲಲ್ಲಿ ಬೀಸಿದ್ದಾಳೆ ಅಂತೀಯ. ಅದನ್ನ ಗೊತ್ತು ಮಾಡೋದು ಹೇಗೆ?" ಎಂದು ಪಾರುಪತ್ಯಗಾರನ ಕಡೆ ತಿರುಗಿದರು.

ಯಜಮಾನ ಕೇಳಿದ ಪ್ರಶ್ನೆಗೆ ಬೇಗ ಉತ್ತರ ಕೊಡುವುದೇ ಪಾರುಪತ್ಯಗಾರನ ಜೀವನೋಪಾಯ. "ಸುಲಭ ಧಣಿ. ಹೊಸ ಕಲ್ಲಿಗೆ ತೌಡು ಹಾಕಿ ತಿರುವಿ ತಿರುವಿ ಪಳಗಿಸಬೇಕು. ಪಳಗದ ಕಲ್ಲಲ್ಲಿ ಬೀಸಿದ್ರೆ ಹಿಟ್ಟಲ್ಲಿ ಕಲ್ಲಿನ ಪುಡಿ ಬರುತ್ತೆ, ಹಲ್ಲಿಗೆ ಕರಕರ ಅನ್ನುತ್ತೆ. ಮುದುಕಿಯನ್ನ ಕರೆಸಿ ಬೀಸಿಸೋಣ, ತಿಂದು ನೋಡೋಣ."

"ಭೇಷ್. ಬೀದಿಯ ಹೆಂಗಸರನ್ನೂ ಕರೆಸು. ನೋಡಿದವರಿಗೆ ಬುದ್ಧಿ ಬರುತ್ತೆ." ಕುಟಿಗನ ಕಡೆ ನೋಡಿ ಮೆಲ್ಲಗೆ ಸೇರಿಸಿದರು: "ಕರಕರ ಅಂದ್ರೆ ಸಂಜೆಯೊಳಗೆ ಬಾಗಿಲು ಕಿತ್ತು ತರಿಸ್ತೀನಿ. ಮನೆಯನ್ನೂ ಅಗೆಸ್ತೀನಿ. ನಿನ್ನ ಕಲ್ಲಲ್ಲಿ ಯಾರ್ಯಾರು ಬೀಸಿದ್ದಾರೋ, ಅವರ ಬಾಗಿಲೂ ಬರುತ್ತೆ."

ಕುಟಿಗನೇ ಮೇಲಿನದು ಕೆಳಗಿನದು ಎರಡೂ ಕಲ್ಲು ಏಳಿಸಬೇಕಾಯಿತು. ಪಾರುಪತ್ಯಗಾರ ತಾನೇ ನಿಂತು ಮೂರು ನಾಲ್ಕು ಕೊಡ ನೀರು ಸುರಿದು ಉಜ್ಜಿಸಿದ, ಅಂಗಳದ ಮಣ್ಣು ಎಂಬ ನೆಪ ಉಳಿಯಬಾರದೆಂದು. ಒಣಬಟ್ಟೆಯಲ್ಲಿ ಒರೆಸಿದ್ದಾಯಿತು, ಹೊಸ ಗೂಟ ಬಡಿದದ್ದಾಯಿತು. ಅಷ್ಟರಲ್ಲಿ ಹೆಂಗಸರು ಬಂದು ಗೋಡೆಯ ಉದ್ದಕ್ಕೆ ನಿಂತಿದ್ದರು. ಅಮ್ಮ ಕೋಲೂರಿಕೊಂಡು ಬಂದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಅವಳನ್ನು ಊರೆಲ್ಲ ಬೊಚ್ಚಜ್ಜಿ ಎಂದೇ ಕರೆಯುತ್ತಿತ್ತು. ಮೂಲೆಯಿಂದ ಎದ್ದ ಕಲ್ಲನ್ನು ನೋಡಿದಳು, ಮಗನ ಮುಖ ನೋಡಿದಳು. ಎಲ್ಲ ತಿಳಿಯಿತು.

"ಏನಪ್ಪಾ ಧಣಿ, ನಿಮ್ಮ ಗಿರಣಿ ಕೆಟ್ಟುಹೋಯ್ತಾ? ಈ ಮುದುಕಿ ಕೈಲಿ ಬೀಸಿಸೋ ಕಾಲ ಬಂತಾ?"

ಗೋಡೆಯ ಕಡೆಯಿಂದ ಕಿಸಕ್ಕೆಂದು ಒಂದು ಸದ್ದು ಬಂದು ಅಡಗಿತು. ಧಣಿಗಳು ಗೋಧಿಯ ಬುಟ್ಟಿ ತೋರಿಸಿದರು.

ಅಮ್ಮ ಕಾಲು ಚಾಚಿ ಕೂತಳು. ಗೂಟ ಹಿಡಿದಳು. ಮೊದಲ ಸುತ್ತಿಗೇ ಕಲ್ಲು ಕಿರ್ರೆಂದು ಕಿರುಚಿತು. ಪಳಗಿದ ಕಲ್ಲು ಹಾಗೆ ಕಿರುಚುವುದಿಲ್ಲ. ಕುಟಿಗನಿಗೆ ಗೊತ್ತು, ಅಲ್ಲಿ ನಿಂತಿದ್ದ ಪ್ರತಿ ಹೆಂಗಸಿಗೂ ಗೊತ್ತು. ಅಮ್ಮ ದನಿ ಎತ್ತಿ, ಕಲ್ಲಿಗೇ ಹೇಳುವಂತೆ ಹಾಡತೊಡಗಿದಳು.

"ಬಾಯಿಗೆ ಹಾಕಿದ್ದು ಬದಿಗೆ ಉದುರಿಸು ತಾಯಿ,
ಕಂಡದ್ದು ಯಾರಿಗೂ ಉಸುರಬೇಡ."

ಮುದಿ ದನಿ, ಕಲ್ಲಿನ ಕಿರುಚಿಗೆ ಸಾಲದು. ಎರಡನೆಯ ಸಲ ಹಾಡುವಾಗ ಗೋಡೆಯ ಕಡೆಯಿಂದ ಇನ್ನೊಂದು ದನಿ ಸೇರಿತು. ಮತ್ತೊಂದು ಸೇರಿತು. ಬೀಸುವವಳ ಜೊತೆ ದನಿಗೂಡಿಸುವುದನ್ನು ಯಾವ ಅಪ್ಪಣೆಯೂ ನಿಷೇಧಿಸಿರಲಿಲ್ಲ, ಆ ಯೋಚನೆ ದೊಡ್ಡಮನೆಗೆ ಬಂದಿರಲಿಲ್ಲ. ಕಿರುಚು ಹಾಡಿನ ಅಡಿಯಲ್ಲಿ ಮುಳುಗಿತು. ಕುಟಿಗ ಉಳಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಕಿವಿಗೇನೋ ಹಾಡು ಮರೆ ಕಟ್ಟಿತು, ನಾಲಿಗೆಗೆ ಯಾರು ಮರೆ ಕಟ್ಟುತ್ತಾರೆ ಎಂದುಕೊಂಡ.

ಹಿಟ್ಟು ಉದುರಿತು. ಹತ್ತಿರ ಇದ್ದವನಿಗೆ ಅದರ ಬಣ್ಣದಲ್ಲೇ ಬೂದು ಕಾಣುತ್ತಿತ್ತು.

"ಮೊದಲು ನೀನೇ ತಿನ್ನು ಅಜ್ಜಿ" ಎಂದರು ಧಣಿಗಳು.

ಅಮ್ಮ ಒಂದು ಹಿಡಿ ಬಾಯಿಗೆ ಹಾಕಿ ವಸಡಿನಲ್ಲೇ ಮುಕ್ಕಿದಳು. ಆಕಡೆ ಈಕಡೆ ದವಡೆ ಆಡಿಸಿ, ನಿಧಾನವಾಗಿ ನುಂಗಿ, "ಬೆಣ್ಣೆ" ಎಂದಳು. "ನುಣ್ಣಗಿದೆ."

"ಹಲ್ಲಿಲ್ಲದವಳ ಸಾಕ್ಷಿ ಹೇಗೆ ನಡೆಯುತ್ತೆ ಧಣಿ?" ಎಂದ ಪಾರುಪತ್ಯಗಾರ.

"ನಡೆಯಲ್ಲ. ಹಲ್ಲಿರೋರು ಬರಲಿ. ಮುದುಕಿಗೆ ಬೇಕಾದವರು ಬೇಡ, ನಮಗೆ ಬೇಕಾದವರು ಬರಲಿ." ಧಣಿಗಳ ಕಣ್ಣು ಗೋಡೆಯ ಉದ್ದಕ್ಕೂ ಹೋಗಿ ಒಂದು ಕಡೆ ನಿಂತಿತು. "ನಿನ್ನ ಹೆಂಡತೀನೇ ಇದ್ದಾಳಲ್ಲ."

ಪಾರುಪತ್ಯಗಾರನ ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಇವಳ ಬಾಯಿಂದ ನಮ್ಮ ಬಾಗಿಲು ಹೋಯಿತು ಎಂದುಕೊಂಡ ಕುಟಿಗ. ಅವಳ ಮುಖ ನೋಡಲಾಗದೆ, ಅಭ್ಯಾಸದಂತೆ ತಲೆ ಬಗ್ಗಿಸಿದ. ಚಪ್ಪಲಿ ಕಂಡವು. ಪಟ್ಟಿಯ ಮೇಲೆ ಕೆಂಪು ತೊಗಲಿನ ತೇಪೆ, ಅಚ್ಚುಕಟ್ಟಾದ ಹೊಲಿಗೆ.

ಅವನ ಹೊಸ್ತಿಲ ಹೊರಗೆ ಬಿಡುತ್ತಿದ್ದ ಅದೇ ಜೊತೆ. ಪಾಲು ಕಿತ್ತುಕೊಳ್ಳುವ ಅಳತೆ ಪಾರುಪತ್ಯಗಾರನ ಮನೆಯನ್ನೂ ಬಿಟ್ಟಿರಲಿಲ್ಲವೇ? ಹಾಗಾದರೆ ಗಂಡನಿಗೆ ಗೊತ್ತೇ? ಪಾರುಪತ್ಯಗಾರನ ಮುಖದಲ್ಲಿ ಬೆವರು ಮೂಡಿತ್ತು, ಮೋಡ ಕವಿದ ತಣ್ಣನೆಯ ಬೆಳಗಿನಲ್ಲಿ. ಹೆಂಡತಿ ಕದ್ದು ಬೀಸುವುದು ಅವನಿಗೆ ಗೊತ್ತು ಎಂದು ಕುಟಿಗನಿಗೆ ತಿಳಿಯಿತು. ಯಾವ ಕಲ್ಲಿನಲ್ಲಿ ಬೀಸಿ ತರುತ್ತಾಳೆಂದು ಮಾತ್ರ ಈ ಮನುಷ್ಯ ಇಷ್ಟು ದಿನ ಕೇಳಿರಲಿಲ್ಲ, ಈಗ ಕೇಳದೆಯೇ ತಿಳಿಯುತ್ತಿತ್ತು.

ಅವಳು ಹಿಟ್ಟನ್ನು ಬಾಯಿಗೆ ಹಾಕಿದಳು. ಅಂಗಳವೆಲ್ಲ ಕಿವಿಯಾಗಿ ನಿಂತಿತ್ತು. ಕರಕ್ ಎಂದು ಒಂದು ಸದ್ದು, ಸಣ್ಣದು, ಆದರೆ ಇತ್ತು. ಅವಳ ಕಣ್ಣ ಅಂಚಿನಲ್ಲಿ ನೀರು ಬಂತು. ಇನ್ನೆರಡು ಸಲ ಅಗಿದಳು, ನುಂಗಿದಳು.

"ನುಣ್ಣಗಿದೆ ಧಣಿ."

"ನೀನು ತಿನ್ನು" ಎಂದರು ಧಣಿಗಳು ಪಾರುಪತ್ಯಗಾರನಿಗೆ. ದನಿ ಮೆತ್ತಗೇ ಇತ್ತು.

ತಾನು ತೋಡಿದ ಹಳ್ಳ ಎಷ್ಟು ಆಳವೆಂದು ಪಾರುಪತ್ಯಗಾರ ಒಂದು ಕ್ಷಣ ನೋಡಿದ. ಕರಕರ ಎಂದರೆ ಹೆಂಡತಿ ಧಣಿಗಳ ಮುಖಕ್ಕೇ ಸುಳ್ಳು ಹೇಳಿದಂತಾಯಿತು, ಕೀಳುವ ಬಾಗಿಲುಗಳಲ್ಲಿ ಅವನದೂ ಒಂದಾಯಿತು. ಹಿಟ್ಟು ಬಾಯಿಗೆ ಬಿತ್ತು. ಹೆಂಡತಿ ಅವನ ಕಡೆ ನೋಡದೆ ನೆಲ ನೋಡುತ್ತಿದ್ದಳು. ಅವನು ಹೆಚ್ಚು ಅಗಿಯಲಿಲ್ಲ. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು.

"ನುಣ್ಣಗೇ ಇದೆ ಧಣಿ. ನನ್ನದೇ ತಪ್ಪು ಲೆಕ್ಕಾಚಾರ."

ಆಮೇಲೆ ಯಾರೂ ಕರೆಯದೆಯೇ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿ, "ನುಣ್ಣಗಿದೆ" ಎಂದು ಹಿಂದೆ ಸರಿದರು. ಹಿಮ್ಮಡಿ ಸವೆದದ್ದು, ಹಗ್ಗ ಕಟ್ಟಿದ್ದು, ಗಂಡಸರ ಚಪ್ಪಲಿ. ಕುಟಿಗ ಒಂದೊಂದನ್ನೂ ಗುರುತು ಹಿಡಿದ. ಎಂದೂ ಅವನ ಹೊಸ್ತಿಲಿಗೆ ಬಾರದ ಚಪ್ಪಲಿಗಳೂ ಆ ಸಾಲಿನಲ್ಲಿದ್ದವು. ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಲಿಲ್ಲ.

ಧಣಿಗಳು ಕುರ್ಚಿಯಿಂದ ಎದ್ದು ಮೆಟ್ಟಿಲಿಳಿದು ಬಂದರು. ಬಗ್ಗಿ, ತಾವೇ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡರು. ಒಂದೂ ಬೀಳದ ಆ ಹಲ್ಲುಗಳ ನಡುವೆ ಕಲ್ಲಿನ ಪುಡಿ ಅರೆದ ಸದ್ದು ಎಲ್ಲರಿಗೂ ಕೇಳಿಸಿತು. ಅಗಿಯುವುದು ನಿಂತಿತು.

ಯಾರೂ ತಲೆ ತಗ್ಗಿಸಲಿಲ್ಲ. ಗೋಡೆಯ ಉದ್ದಕ್ಕೂ ಹೆಂಗಸರು ಅವರ ಬಾಯನ್ನೇ ನೋಡುತ್ತಿದ್ದರು. ಕರಕರ ಎಂದು ಈಗ ಹೇಳಿದರೆ, ತಮ್ಮ ಅಂಗಳದಲ್ಲಿ, ತಮ್ಮ ಪಾರುಪತ್ಯಗಾರನೂ ಸೇರಿ, ಇಡೀ ಊರು ತಮ್ಮ ಮುಖಕ್ಕೇ ಸುಳ್ಳು ಹೇಳಿತೆಂದು ಅವರೇ ಸಾರಿದಂತೆ. ಅಷ್ಟೂ ಬಾಗಿಲು ಕೀಳಿಸಬೇಕು. ಕೀಳಿಸಲು ಕಳಿಸಬೇಕಾದವನ ಬಾಗಿಲೂ ಅದರಲ್ಲೇ ಇದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಧಣಿಗಳು ನಿಂತರು. ಉಗುಳಿದರೂ ಕೆಟ್ಟಿತು, ನುಂಗಿದರೂ ಕೆಟ್ಟಿತು. ಕುಟಿಗ ಹುಟ್ಟಿದಾಗಿನಿಂದ ಈ ಮನುಷ್ಯನಿಗೆ ಹೆದರಿದ್ದ. ಇವರೂ ಹೆದರಬಲ್ಲರು ಎಂಬುದನ್ನು ಆ ಹೊತ್ತೇ ಮೊದಲು ಕಂಡದ್ದು.

ಧಣಿಗಳು ನುಂಗಿದರು.

"ನುಣ್ಣಗಿದೆ" ಎಂದರು. ಹಲ್ಲು ತೋರಿಸಲಿಲ್ಲ. "ಕಲ್ಲನ್ನ ಇದ್ದಲ್ಲೇ ಹಾಸು" ಎಂದು ಒಳಗೆ ಹೋದರು.

ಹಾಸಿ ಮುಗಿಸಿ ಅವನು ಮನೆಗೆ ಬಂದಾಗ ಅಮ್ಮ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ನೀರು ಕೆಂಪಗಿತ್ತು, ವಸಡೆಲ್ಲ ಕಿತ್ತುಹೋಗಿತ್ತು. ಅವನು ಕೊಡ ಎತ್ತಿ ನೀರು ಹಾಕಿದ.

"ತಪ್ಪಾಯ್ತಮ್ಮಾ. ಅಷ್ಟು ಮಟ್ಟಸವಾಗಿ ಕುಟ್ಟಬಾರದಿತ್ತು."

"ಅಪ್ಪನ ಮಗ" ಎಂದಳು ಅಮ್ಮ, ಇನ್ನೊಮ್ಮೆ ಉಗುಳಿ. "ಇನ್ನೊಂದು ಸಲ ಕಳ್ಳತನ ಮಾಡುವಾಗ ಸ್ವಲ್ಪ ಸೊಟ್ಟಗೆ ಮಾಡು."

ಮರುದಿನ ಪಕ್ಕದ ಬಾಗಿಲಲ್ಲಿ ಚಪ್ಪಲಿಗಳು ಎಂದಿಗಿಂತ ಹೆಚ್ಚಿದ್ದವು. ಕುಟಿಗ ಚಪ್ಪರದಡಿ ಕೂತು ನಿಂಬೆಹಣ್ಣಿನ ಗಾತ್ರದ ಕಲ್ಲನ್ನು ಮುಂದಿಟ್ಟುಕೊಂಡು ಉಳಿ ಎತ್ತಿದ. ಒಳಗಿನಿಂದ ಅಮ್ಮನ ದನಿ ಬಂತು.

"ಕೆಳಗಿಡೋ ಅದನ್ನ. ಪಾಪ, ಅದರಲ್ಲಿ ಇನ್ನೇನು ಉಳಿದಿದೆ?"

ಅವನು ಉಳಿಯನ್ನು ಕೆಳಗಿಟ್ಟ. ಒಳಗೆ ಗುಡಾಣ ಸರಿಸಿದ ಸದ್ದಾಯಿತು, ಆಮೇಲೆ ಗರಗರ ಶುರುವಾಯಿತು. ಮರೆಯಿಲ್ಲದ ಆ ಸದ್ದು ಬೀದಿಯ ಕೊನೆಯವರೆಗೂ ಹೋಯಿತು. ಬರಿಗೈಯಲ್ಲಿ ಕೂತು ಕುಟಿಗನಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಪಾರುಪತ್ಯಗಾರ ಬೀದಿಯಲ್ಲಿ ಬರುತ್ತಿರುವುದು ಕಂಡಿತು. ಮನೆಯ ಮುಂದೆ ಬಂದಾಗ ಅವನ ಹೆಜ್ಜೆ ಒಂದಿಷ್ಟು ತಡವರಿಸಿತು. ಹೊಸ್ತಿಲ ಹೊರಗೆ ಬಿಟ್ಟಿದ್ದ ಕೆಂಪು ತೇಪೆಯ ಚಪ್ಪಲಿಯನ್ನು ನೋಡಿದ. ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಅದನ್ನು ಕಾಲಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಗಿರಣಿಯ ಕಡೆಗೆ ನಡೆದ.